ಹಲ್ಲು ಕೀಳಿಸಿದ ಗಾಯ ಮಾಗುವಾಗ ತೆಗೆದು ಹಾಕುವ ಸೆಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೆರಡು ಹಲ್ಲು ಕೀಳಿಸಿಕೊಂಡು, ಆ ಜಾಗಕ್ಕೆ ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕೃತಕ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡವರು ಮೊದಲ ರಾತ್ರಿಯಿಂದ ಹಿಡಿದು ಆರು ತಿಂಗಳವರೆಗೆ ಕೇಳುವ ಪ್ರಶ್ನೆಗಳಿವು. ಕೊಡಗಿನಲ್ಲಿ ದಂತವೈದ್ಯೆಯಾಗಿ ಕೆಲಸ ಮಾಡುತ್ತ ನಾನು ದಿನವೂ ಕೇಳಿಸಿಕೊಳ್ಳುವ ಮಾತುಗಳನ್ನೇ ಪ್ರಶ್ನೆಗಳಾಗಿ ಇಟ್ಟಿದ್ದೇನೆ. ಉತ್ತರಗಳನ್ನು ಓದುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ. ಹಲ್ಲು ಕಿತ್ತ ಮೇಲೆ ವಸಡೂ ಅದರಡಿಯ ಮೂಳೆಯೂ ವಾರದಿಂದ ವಾರಕ್ಕೆ ಆಕಾರ ಬದಲಿಸುತ್ತವೆ. ಸೆಟ್ಟು ಮಾತ್ರ ಕಟ್ಟಿದ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಒತ್ತುವುದು, ಸಡಿಲವಾಗುವುದು, ಹುಣ್ಣಾಗುವುದು, ಊಟ ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ಇದರಿಂದಲೇ. ಆದ್ದರಿಂದ ಸೆಟ್ಟು ಕೈಗೆ ಬಂದ ದಿನ ಚಿಕಿತ್ಸೆ ಮುಗಿಯಿತೆಂದು ತಿಳಿಯಬೇಡಿ.

ಹಲ್ಲು ಕಿತ್ತ ದಿನವೇ ಸೆಟ್ಟು ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬಹುದು, ಆದರೆ ಅದು ಯಾವ ಸೆಟ್ಟು ಎಂಬುದರ ಮೇಲೆ ಉತ್ತರ ನಿಂತಿದೆ. ಮೊದಲನೆಯದು ಹಲ್ಲು ಕೀಳುವುದಕ್ಕೆ ಮುಂಚೆಯೇ ತಯಾರಾಗುವ ಸೆಟ್ಟು. ಇದಕ್ಕಾಗಿ ಹಲ್ಲು ಇನ್ನೂ ಬಾಯಲ್ಲಿರುವಾಗಲೇ ಅಳತೆ ತೆಗೆಯುತ್ತಾರೆ. ಲ್ಯಾಬಿನಲ್ಲಿ ಪ್ಲಾಸ್ಟರಿನ ಅಚ್ಚಿನಿಂದ ಆ ಹಲ್ಲನ್ನು ಕೆತ್ತಿ ತೆಗೆದು, ವಸಡು ಹೀಗಿರಬಹುದೆಂಬ ಅಂದಾಜಿನ ಮೇಲೆ ಸೆಟ್ಟು ಕಟ್ಟುತ್ತಾರೆ. ಹಲ್ಲು ಕಿತ್ತ ಕೂಡಲೇ ಅದನ್ನು ಕೂರಿಸುತ್ತಾರೆ. ಅಂದಾಜಿನ ಮೇಲೆ ಕಟ್ಟಿದ್ದಾದ್ದರಿಂದ, ಮುಂಚಿತವಾಗಿ ಬಾಯಲ್ಲಿಟ್ಟು ನೋಡಲು ಆಗದಿರುವುದರಿಂದ, ಅದು ಮೊದಲ ದಿನವೇ ಕರಾರುವಾಕ್ಕಾಗಿ ಕೂರಬೇಕೆಂದು ನಿರೀಕ್ಷಿಸಬಾರದು. ಮುಂದಿನ ಹಲ್ಲು ಹೋದವರಿಗೆ, ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ, ತರಗತಿಯಲ್ಲಿ ನಿಂತು ಪಾಠ ಹೇಳಬೇಕಾದ ಮೇಷ್ಟರಿಗೆ ಇದು ದೊಡ್ಡ ಆಸರೆ.

ಎರಡನೆಯದು ನಿಮ್ಮ ಬಳಿ ವರ್ಷಗಳಿಂದ ಇರುವ ಹಳೆಯ ಸೆಟ್ಟು. ಕಿತ್ತ ಹಲ್ಲು ಸೆಟ್ಟಿನಿಂದ ದೂರದಲ್ಲಿದ್ದರೆ, ರಕ್ತ ನಿಂತ ಮೇಲೆ ಎಂದಿನಂತೆ ಹಾಕಿಕೊಳ್ಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಸೆಟ್ಟಿನ ತಟ್ಟೆ, ಅಂದರೆ ವಸಡಿಗೆ ಒರಗುವ ಭಾಗ, ಗಾಯದ ಮೇಲೆಯೇ ಬರುವಂತಿದ್ದರೆ ಅದು ಹೊಸ ಗಾಯವನ್ನು ಉಜ್ಜುತ್ತದೆ. ಆಗ ವೈದ್ಯರು ಆ ಭಾಗವನ್ನು ತಗ್ಗಿಸಿ ಒಳಗಡೆ ಮೆದುವಾದ ಪದರ ಕೊಡಬಹುದು, ಇಲ್ಲವೇ ಕೆಲವು ದಿನ ಹಾಕಿಕೊಳ್ಳಬೇಡಿ ಎನ್ನಬಹುದು. ಸೆಟ್ಟಿನ ಕೊಕ್ಕೆ ಹಿಡಿದುಕೊಂಡಿದ್ದ ಹಲ್ಲನ್ನೇ ಕಿತ್ತಿದ್ದರೆ ಸೆಟ್ಟಿಗೆ ಆಧಾರವೇ ಹೋದಂತೆ. ಅಂಥದ್ದನ್ನು ಹಾಗೆಯೇ ತುರುಕಿಕೊಳ್ಳುವುದು ಅಪಾಯ. ಹಾಗಾಗಿ ಕೀಳಿಸಲು ಹೋಗುವಾಗ ಹಳೆಯ ಸೆಟ್ಟನ್ನು ಮನೆಯಲ್ಲಿ ಬಿಡದೆ ಜೊತೆಗೆ ತೆಗೆದುಕೊಂಡು ಹೋಗಿ.

ಮೊದಲ 24 ಗಂಟೆ ಸೆಟ್ಟು ತೆಗೆಯಬಾರದು ಎನ್ನುತ್ತಾರೆ. ಏಕೆ?

ಈ ಮಾತು ಹಲ್ಲು ಕಿತ್ತ ಕೂಡಲೇ ಕೂರಿಸಿದ ಹೊಸ ಸೆಟ್ಟಿಗೆ ಅನ್ವಯಿಸುತ್ತದೆ. ಆ ದಿನ ಸೆಟ್ಟು ಗಾಯಕ್ಕೆ ಕಟ್ಟಿದ ಪಟ್ಟಿಯಂತೆ ಕೆಲಸ ಮಾಡುತ್ತದೆ: ರಕ್ತ ಹೆಪ್ಪುಗಟ್ಟಲು ಬೇಕಾದ ಒತ್ತಡ ಕೊಡುತ್ತದೆ, ಹೆಪ್ಪುಗಟ್ಟಿದ್ದನ್ನು ನಾಲಿಗೆಯಿಂದಲೂ ಊಟದಿಂದಲೂ ಕಾಯುತ್ತದೆ. ತೆಗೆದರೆ ಎರಡು ತೊಂದರೆ. ಹೆಪ್ಪು ಸೆಟ್ಟಿನ ಜೊತೆಗೇ ಎದ್ದು ಬರಬಹುದು. ಅಲ್ಲದೆ ವಸಡು ಬಾತುಕೊಂಡು ಸೆಟ್ಟು ಮತ್ತೆ ಒಳಗೆ ಕೂರದೇ ಹೋಗಬಹುದು. ಮರುದಿನ ವೈದ್ಯರೇ ಅದನ್ನು ತೆಗೆದು, ಗಾಯ ನೋಡಿ, ಒತ್ತುವ ಕಡೆ ತಗ್ಗಿಸಿ ಮತ್ತೆ ಕೂರಿಸುತ್ತಾರೆ.

ಕಳೆದ ವರ್ಷ ನಾಪೋಕ್ಲು ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಹೆಗಲ ಚೀಲದಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದು, ಅದರೊಳಗಿನ ಕರ್ಚೀಫಿನ ಗಂಟು ಬಿಚ್ಚಿ, ಸೆಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ಹಾಕಿದ ದಿನ ಸಂಜೆ ಬಾಯಿ ತುಂಬಿದಂತಾಯಿತೆಂದು ತೆಗೆದಿಟ್ಟವರು, ನೋವು ಪೂರ್ತಿ ಹೋಗಲಿ ಎಂದು ಹನ್ನೆರಡು ದಿನ ಕಾದಿದ್ದರು. ಕೊಕ್ಕೆಗಳು ಹೊಳೆಯುತ್ತಿದ್ದವು, ಒಂದು ಗೀರೂ ಇರಲಿಲ್ಲ. ಆದರೆ ಎಷ್ಟು ಪ್ರಯತ್ನಿಸಿದರೂ ಅದು ಬಾಯಲ್ಲಿ ಕೂರಲಿಲ್ಲ. ಜೋಪಾನವಾಗಿ ಇಟ್ಟುಕೊಂಡಿದ್ದೇ ತಪ್ಪಾಯಿತೇ ಎಂದು ಅವರು ಕೇಳಿದಾಗ ನನಗೆ ಸಂಕಟವಾಯಿತು. ತಪ್ಪು ಅವರದ್ದಲ್ಲ, ತೆಗೆಯಬಾರದೆಂಬ ಕಾರಣವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಒಂದೇ ಹಲ್ಲಿನ, ಕೊಕ್ಕೆಯಿಲ್ಲದ ಪುಟ್ಟ ಸೆಟ್ಟಾದರೆ ನಿದ್ದೆಯಲ್ಲಿ ನುಂಗುವ ಭಯವಿರುವುದರಿಂದ, ಮೊದಲ ರಾತ್ರಿ ಏನು ಮಾಡಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ರಕ್ತ ಜಿನುಗುತ್ತಿದೆ. ಎಷ್ಟು ಸಹಜ?

ಮೊದಲ ದಿನ ಎಂಜಲು ನಸುಗೆಂಪಾಗಿರುವುದು ಸಹಜ. ಒಂದು ಹನಿ ರಕ್ತ ಬಾಯಿ ತುಂಬ ಎಂಜಲಿಗೆ ಬಣ್ಣ ಕೊಡುತ್ತದೆ; ಬೆಳಗ್ಗೆ ದಿಂಬಿನ ಮೇಲಿನ ಕಲೆ ನೋಡಿ ಗಾಬರಿಯಾಗಬೇಡಿ. ಆದರೆ ಪದೇ ಪದೇ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಎಳನೀರನ್ನಾದರೂ ಸ್ಟ್ರಾ ಹಾಕಿ ಹೀರಬೇಡಿ. ಇವೆಲ್ಲ ಹೆಪ್ಪನ್ನು ಎಳೆದು ಕೀಳುತ್ತವೆ. ಎಂಜಲನ್ನು ನುಂಗಿಬಿಡಿ. ತಲೆಯಡಿಗೆ ಇನ್ನೊಂದು ದಿಂಬಿಟ್ಟು ಮಲಗಿ.

ಸೆಟ್ಟು ಇಲ್ಲದವರಿಗೆ ಶುಭ್ರವಾದ ಗಾಜ್ ಬಟ್ಟೆಯನ್ನು ಮಡಿಚಿ ಗಾಯದ ಮೇಲಿಟ್ಟು ಅರ್ಧ ಗಂಟೆ ಬಿಡದೆ ಕಚ್ಚಿಕೊಳ್ಳಲು ಹೇಳುತ್ತೇವೆ. ಐದೈದು ನಿಮಿಷಕ್ಕೆ ತೆಗೆದು ನೋಡಿದರೆ ಪ್ರಯೋಜನವಿಲ್ಲ. ಸೆಟ್ಟು ಹಾಕಿದವರು ಅದನ್ನು ತೆಗೆಯದೆ, ಹಲ್ಲು ಸೇರಿಸಿ ಮೆಲ್ಲಗೆ ಒತ್ತಿ ಹಿಡಿದರೆ ಸಾಕು. ಹೀಗೆ ಎರಡು ಸಲ ಮಾಡಿದರೂ ಬಾಯಿ ತುಂಬಿ ಬರುವಂತೆ ರಕ್ತ ಹರಿಯುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ.

ಎರಡನೆಯ ದಿನದಿಂದ ದಿನಚರಿ ಹೇಗಿರಬೇಕು?

ಊತವು ಸಾಮಾನ್ಯವಾಗಿ ಎರಡನೆಯ, ಮೂರನೆಯ ದಿನ ಹೆಚ್ಚಾಗಿದ್ದು ಆಮೇಲೆ ಇಳಿಯುತ್ತದೆ. ವೈದ್ಯರು ಮೊದಲ ಸಲ ಸೆಟ್ಟು ತೆಗೆದು ನೋಡಿದ ಮೇಲೆ, ಪ್ರತಿ ಊಟವಾದ ನಂತರ ನೀವೇ ಅದನ್ನು ತೆಗೆದು ತೊಳೆಯಬೇಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿ ತುಂಬಿಕೊಂಡು ತಲೆಯನ್ನು ಅತ್ತಿತ್ತ ವಾಲಿಸಿ, ಬಾಯಿ ತೆರೆದು ನೀರು ತಾನಾಗಿ ಬೀಳುವಂತೆ ಬಿಡಿ, ಗಳಗಳ ಮುಕ್ಕಳಿಸಬೇಡಿ. ನಂತರ ಸೆಟ್ಟನ್ನು ಮತ್ತೆ ಹಾಕಿ. ಊತ ಇಳಿಯುವವರೆಗೆ ಸೆಟ್ಟು ಹೊರಗಿರುವ ಹೊತ್ತು ನಿಮಿಷಗಳಲ್ಲಿರಲಿ.

ಹಾಕುವ ಬಗೆಯ ಬಗ್ಗೆ ಒಂದು ಮಾತು. ಸೆಟ್ಟನ್ನು ಬಾಯಲ್ಲಿಟ್ಟು ಹಲ್ಲಿನಿಂದ ಕಚ್ಚಿ ಕೂರಿಸುವುದು ಅನೇಕರ ಅಭ್ಯಾಸ. ಅದರಿಂದ ಕೊಕ್ಕೆ ಬಾಗುತ್ತದೆ, ತಟ್ಟೆ ಬಿರಿಯುತ್ತದೆ, ಗಾಯದ ಮೇಲೆ ಒಮ್ಮೆಲೇ ಭಾರ ಬೀಳುತ್ತದೆ. ಕನ್ನಡಿಯ ಮುಂದೆ ನಿಂತು, ಎರಡೂ ಕಡೆ ಬೆರಳಿಟ್ಟು, ಕೊಕ್ಕೆಗಳು ತಮ್ಮ ಹಲ್ಲಿನ ಮೇಲೆ ಜಾರಿ ಕೂರುವವರೆಗೆ ಸಮವಾಗಿ ಒತ್ತಿ. ತೆಗೆಯುವಾಗಲೂ ಒಂದೇ ಕಡೆಯಿಂದ ಎಬ್ಬಬೇಡಿ.

ಮೂರನೆಯ ದಿನ ನೋವು ಜಾಸ್ತಿಯಾಯಿತು. ಇದು ಸೆಟ್ಟಿನ ನೋವೋ, ಗಾಯದ ನೋವೋ?

ಎರಡು ನೋವುಗಳಿಗೂ ಬೇರೆ ಬೇರೆ ಲಕ್ಷಣಗಳಿವೆ. ಸೆಟ್ಟಿನ ನೋವು ಒಂದು ಚುಕ್ಕೆಯಲ್ಲಿರುತ್ತದೆ. ಬೆರಳಿಟ್ಟು ಇಲ್ಲೇ ಎಂದು ತೋರಿಸಬಹುದು. ಸೆಟ್ಟು ಹಾಕಿ ಅಗಿದಾಗ ಚುಚ್ಚುತ್ತದೆ, ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ತಗ್ಗುತ್ತದೆ. ಬೆಳಕಿನಲ್ಲಿ ನೋಡಿದರೆ ಅಲ್ಲಿ ಕೆಂಪು ಗೆರೆಯೋ ಬಿಳಿಯ ಹುಣ್ಣೋ ಕಾಣುತ್ತದೆ.

ಗಾಯದ, ಅಂದರೆ ಹಲ್ಲು ಕಿತ್ತ ಗುಳಿಯ ನೋವು ಹಾಗಲ್ಲ. ಮೊದಲೆರಡು ದಿನ ಕಡಿಮೆಯಾಗುತ್ತ ಬಂದ ನೋವು ಮೂರನೆಯ ದಿನದ ಸುಮಾರಿಗೆ ತಿರುಗಿ ಏರುತ್ತದೆ, ಕಿವಿಗೂ ಕಪಾಲಕ್ಕೂ ಹರಡುತ್ತದೆ, ಸೆಟ್ಟು ತೆಗೆದರೂ ಬಿಡುವುದಿಲ್ಲ, ನುಂಗಿದ ಮಾತ್ರೆಗೂ ಬಗ್ಗುವುದಿಲ್ಲ. ಬಾಯಿ ಕೆಟ್ಟ ವಾಸನೆ ಬರುತ್ತದೆ. ಹೆಪ್ಪುಗಟ್ಟಿದ ರಕ್ತ ಕರಗಿಯೋ ಕಿತ್ತುಹೋಗಿಯೋ ಗುಳಿಯ ಮೂಳೆ ಬರಿದಾಗಿರುವ ಈ ಸ್ಥಿತಿಗೆ ಡ್ರೈ ಸಾಕೆಟ್ ಎನ್ನುತ್ತಾರೆ. ಕೆಳದವಡೆಯ ಹಿಂದಿನ ಹಲ್ಲುಗಳಲ್ಲಿ, ಧೂಮಪಾನ ಮಾಡುವವರಲ್ಲಿ ಇದು ಹೆಚ್ಚು. ವೈದ್ಯರು ಗುಳಿಯನ್ನು ತೊಳೆದು ಔಷಧದ ಪಟ್ಟಿ ಇಡುತ್ತಾರೆ. ಬಹಳಷ್ಟು ಜನರಿಗೆ ಅದೇ ದಿನ ನೋವು ಇಳಿಯುತ್ತದೆ. ಸಹಿಸಿಕೊಂಡು ಕೂರಬೇಕಾದ ಅಗತ್ಯ ಯಾರಿಗೂ ಇಲ್ಲ. ಜ್ವರ, ಕೀವು, ಬಾಯಿ ತೆರೆಯಲಾಗದ ಬಿಗಿತ ಇವು ಮೂರನೆಯ ಬಗೆ, ಅದು ಸೋಂಕು.

ಒತ್ತುವ ಜಾಗವನ್ನು ನಾನೇ ಉಜ್ಜಿ ಸರಿಮಾಡಿಕೊಳ್ಳಬಹುದೇ?

ದಯವಿಟ್ಟು ಬೇಡ. ಕಾಫಿ ತೋಟದ ಲೆಕ್ಕ ನೋಡಿಕೊಳ್ಳುವ ರೈಟರೊಬ್ಬರು ಕಸಿ ಕತ್ತಿ ಮಸೆಯುವ ಅರದಿಂದ ಸೆಟ್ಟಿನ ಅಂಚನ್ನು ಉಜ್ಜಿಕೊಂಡು ಬಂದಿದ್ದರು. ಅವರು ತಗ್ಗಿಸಿದ್ದು ಹುಣ್ಣಿಗಿಂತ ಒಂದು ಅಕ್ಕಿಕಾಳಿನಷ್ಟು ಆಚೆಗೆ. ಹುಣ್ಣು ಹಾಗೆಯೇ ಉಳಿದಿತ್ತು, ಉಜ್ಜಿದ ಕಡೆ ಊಟ ಸೇರಿಕೊಳ್ಳುತ್ತಿತ್ತು. ವೈದ್ಯರು ಸೆಟ್ಟಿನ ಒಳಮೈಗೆ ಬಿಳಿಯ ಲೇಪ ಹಚ್ಚಿ ಬಾಯಲ್ಲಿ ಕೂರಿಸುತ್ತಾರೆ. ಎಲ್ಲಿ ಒತ್ತುತ್ತದೆಯೋ ಅಲ್ಲಿನ ಲೇಪ ಅಳಿಸಿ ಗುಲಾಬಿ ಬಣ್ಣ ಕಾಣುತ್ತದೆ, ಅಷ್ಟನ್ನು ಮಾತ್ರ ಕೊರೆಯುತ್ತಾರೆ. ನಿಮಿಷಗಳ ಕೆಲಸ. ಹುಣ್ಣು ಬಹಳವಾಗಿದ್ದರೆ ಸೆಟ್ಟನ್ನು ತೆಗೆದಿಡಿ, ಆದರೆ ತೋರಿಸಲು ಬರುವ ದಿನ ಕೆಲವು ಗಂಟೆಯಾದರೂ ಹಾಕಿಕೊಂಡು ಬನ್ನಿ. ಒತ್ತಿದ ಗುರುತು ವಸಡಿನ ಮೇಲೆ ಇದ್ದರೆ ನಮಗೆ ಜಾಗ ತಪ್ಪುವುದಿಲ್ಲ.

ಊಟಕ್ಕೆ ಏನು ಮಾಡಬೇಕು?

ಮೊದಲ ದಿನ ತಣ್ಣಗಿನ ಇಲ್ಲವೇ ಉಗುರುಬೆಚ್ಚಗಿನ ಗಂಜಿ, ರಾಗಿ ಅಂಬಲಿ, ಮೊಸರನ್ನ, ಕಿವುಚಿದ ಬಾಳೆಹಣ್ಣು. ಕೊಡಗಿನವರಿಗೆ ಕಾಫಿ ಬಿಡಿ ಎಂದು ನಾನು ಹೇಳುವುದಿಲ್ಲ. ಆರಿಸಿ ಕುಡಿಯಿರಿ ಎನ್ನುತ್ತೇನೆ. ಬಿಸಿ ತಗುಲಿದರೆ ರಕ್ತ ಮತ್ತೆ ಜಿನುಗುತ್ತದೆ; ಮರಗಟ್ಟಿಸಿದ ತುಟಿ, ಕೆನ್ನೆ ಸುಟ್ಟರೂ ಗೊತ್ತಾಗುವುದಿಲ್ಲ.

ಎರಡು ಮೂರು ದಿನದ ಮೇಲೆ ನಮ್ಮ ಅಡುಗೆಮನೆ ಅನುಕೂಲವಾಗಿಯೇ ಇದೆ. ಆವಿಯಲ್ಲಿ ಬೆಂದ ನೂಪುಟ್ಟು (ಅಕ್ಕಿ ಶಾವಿಗೆ) ಹಾಲಿನಲ್ಲಿ ನೆನೆದರೆ ಅಗಿಯುವುದೇ ಬೇಡ. ಕಡಂಬುಟ್ಟು ಮೆತ್ತಗಿದ್ದರೂ ಅಕ್ಕಿ ತರಿಯಿಂದ ಮಾಡಿದ್ದು; ಉದುರಿದ ತರಿ ಗುಳಿಯೊಳಗೆ ಸೇರಿ ಕೂರುತ್ತದೆ, ಆದ್ದರಿಂದ ಮೊದಲ ವಾರ ಸಾರಿನಲ್ಲಿ ಚೆನ್ನಾಗಿ ನೆನೆಸಿ, ಬೇರೆ ಕಡೆಯ ಹಲ್ಲಿನಲ್ಲಿ ತಿನ್ನಿ. ಪಂದಿ ಕರಿಗೆ (ಹಂದಿ ಮಾಂಸದ ಅಡುಗೆಗೆ) ಎರಡು ವಾರವಾದರೂ ಕಾಯುವುದು ಒಳ್ಳೆಯದು: ತುಂಡು ಗಟ್ಟಿ, ಕಾಳುಮೆಣಸಿನ ಖಾರ, ಕಚಂಪುಳಿಯ ಹುಳಿ ಮೂರೂ ಹಸಿ ಗಾಯಕ್ಕೆ ಉರಿ ತರುತ್ತವೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಕೀಳಿಸಿಕೊಂಡವರು ಮದ್ದು ಸೊಪ್ಪಿನ ಪಾಯಸವನ್ನು ಆರಿದ ಮೇಲೆ ತಿನ್ನಬಹುದು, ಆದರೆ ಅದರ ನೇರಳೆ ಬಣ್ಣ ಎಂಜಲಿಗೂ ಬರುವುದರಿಂದ ರಕ್ತವೆಂದು ಹೆದರಬೇಡಿ.

ಸೆಟ್ಟು ಹಾಕಿಕೊಂಡು ಅಗಿಯಲು ಶುರುಮಾಡುವಾಗ ಸಣ್ಣ ತುತ್ತು ತೆಗೆದುಕೊಂಡು ಎರಡೂ ಕಡೆ ಹಂಚಿ ಅಗಿಯಿರಿ. ಅಕ್ಕಿ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಎಳೆದು ಹರಿಯಬೇಡಿ, ಕೈಯಲ್ಲಿ ಮುರಿದು ಬಾಯಿಗಿಡಿ.

ಎಲೆಯಡಿಕೆ, ಬೀಡಿ, ಒಂದು ಪೆಗ್ಗು?

ಬೀಡಿ, ಸಿಗರೇಟನ್ನು ಕನಿಷ್ಠ ಮೂರು ದಿನ, ಸಾಧ್ಯವಾದರೆ ವಾರಪೂರ್ತಿ ಬಿಡಬೇಕು. ಹೊಗೆ ವಸಡಿನ ರಕ್ತಸಂಚಾರವನ್ನು ತಗ್ಗಿಸುತ್ತದೆ, ಹೀರುವ ಸೆಳೆತ ಹೆಪ್ಪನ್ನು ಕೀಳುತ್ತದೆ. ಅಡಿಕೆಯ ಚೂರು ಗುಳಿಗೆ ಇಳಿದರೆ ತೆಗೆಯುವುದು ಕಷ್ಟ. ಹೊಗೆಸೊಪ್ಪನ್ನು ಸೆಟ್ಟಿನ ಪಕ್ಕದಲ್ಲಿ ಒತ್ತಿ ಇಟ್ಟುಕೊಳ್ಳುವವರಿದ್ದಾರೆ, ಅದು ಗಾಯವಿರಲಿ ಇಲ್ಲದಿರಲಿ ಬಾಯಿ ಕ್ಯಾನ್ಸರಿನ ದಾರಿ. ಮದ್ಯವನ್ನು ಮಾತ್ರೆಗಳ ಕೋರ್ಸ್ ಮುಗಿಯುವವರೆಗೆ ಮುಟ್ಟಬೇಡಿ.

ಲವಂಗದ ಎಣ್ಣೆ, ಜೇನು, ಅರಿಸಿನ ಹಚ್ಚಬಹುದೇ?

ಲವಂಗದ ಎಣ್ಣೆ ಹುಳುಕು ಹಲ್ಲಿನ ನೋವಿಗೆ ಹಿತವೆನಿಸಿದರೂ, ಹಸಿ ಗಾಯದ ಮೇಲೆ ನೇರವಾಗಿ ಹಚ್ಚಿದರೆ ವಸಡನ್ನು ಸುಡುತ್ತದೆ. ನೋವಿನ ಮಾತ್ರೆಯನ್ನು ಪುಡಿಮಾಡಿ ವಸಡಿಗೆ ಒತ್ತುವುದೂ ಹಾಗೆಯೇ. ಜೇನು, ಅರಿಸಿನವನ್ನು ಊಟದಲ್ಲಿ ಇಟ್ಟುಕೊಳ್ಳಿ, ಗುಳಿಯೊಳಗೆ ತುಂಬಬೇಡಿ. ಉಪ್ಪುನೀರಿಗಿಂತ ಹೆಚ್ಚಿನ ಮನೆಮದ್ದು ಆ ಜಾಗಕ್ಕೆ ಬೇಕಿಲ್ಲ.

ಸೆಟ್ಟನ್ನು ಶುಚಿ ಮಾಡುವುದು ಹೇಗೆ?

ಮೆದು ಬ್ರಷ್ಷು, ಸ್ವಲ್ಪ ಸಾದಾ ಸೋಪು, ತಣ್ಣೀರು. ಟೂತ್‌ಪೇಸ್ಟಿನ ತರಿ ಸೆಟ್ಟಿನ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ಮೈ ಗೀರುತ್ತದೆ, ಆ ಗೀರುಗಳಲ್ಲಿ ಪಾಚಿ ಕಟ್ಟುತ್ತದೆ. ಹಂಡೆಯ ಕುದಿನೀರಿನಲ್ಲಿ ಅದ್ದಿದರೆ ಸೆಟ್ಟು ಸೊಟ್ಟಗಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಳ್ಳಿ. ಸೋಪಿನ ಕೈಯಿಂದ ಜಾರಿ ಸಿಮೆಂಟಿನ ಬಚ್ಚಲಿಗೆ ಬಿದ್ದು ಎರಡು ತುಂಡಾದ ಸೆಟ್ಟುಗಳನ್ನು ಎಷ್ಟೋ ನೋಡಿದ್ದೇನೆ. ಲೋಹದ ಕೊಕ್ಕೆಯಿರುವುದನ್ನು ಬ್ಲೀಚಿಂಗ್ ದ್ರಾವಣದಲ್ಲಿ ನೆನೆಸಬಾರದು. ಕೊಕ್ಕೆ ಹಿಡಿಯುವ ನಿಮ್ಮ ಸ್ವಂತ ಹಲ್ಲುಗಳನ್ನು ದಿನಕ್ಕೆರಡು ಸಲ ತಪ್ಪದೆ ಉಜ್ಜಿ. ಅವು ಹುಳುಕಾದರೆ ಸೆಟ್ಟೂ ಹೋಯಿತು.

ರಾತ್ರಿ ಹಾಕಿಕೊಂಡೇ ಮಲಗಬಹುದೇ?

ವೈದ್ಯರು ಹೇಳಿದ ಮೊದಲ ಕೆಲವು ರಾತ್ರಿಗಳನ್ನು ಬಿಟ್ಟರೆ, ಬೇಡ. ರಾತ್ರಿ ಎಂಜಲು ಕಡಿಮೆಯಾಗುತ್ತದೆ. ಸೆಟ್ಟಿನಡಿಯ ವಸಡಿಗೆ ಗಾಳಿ ಆಡದೆ ಬೂಷ್ಟಿನ ಸೋಂಕು ಬಂದು ಅಂಗುಳ ಕೆಂಪಗಾಗುತ್ತದೆ. ತೆಗೆದು, ತೊಳೆದು, ಮುಚ್ಚಳವಿರುವ ಡಬ್ಬಿಯಲ್ಲಿ ನೀರು ಹಾಕಿ ಇಡಿ. ನೀರಿಲ್ಲದೆ ಒಣಗಿದರೆ ಅದರ ಆಕಾರ ಕೆಡುತ್ತದೆ. ಬಾಗಿದ ಕೊಕ್ಕೆಯ ಸಣ್ಣ ಸೆಟ್ಟು ನಿದ್ದೆಯಲ್ಲಿ ಗಂಟಲಿಗೆ ಇಳಿದರೆ ಅದು ತುರ್ತು ಪರಿಸ್ಥಿತಿ. ಅಕ್ರಿಲಿಕ್ ಸಾಮಾನ್ಯ ಎಕ್ಸ್‌-ರೇಯಲ್ಲಿ ಕಾಣುವುದಿಲ್ಲವಾದ್ದರಿಂದ, ಸೆಟ್ಟು ಕಾಣೆಯಾಗಿದೆ ಎಂಬ ಮಾತನ್ನು ಆಸ್ಪತ್ರೆಯಲ್ಲಿ ಮೊದಲಿಗೇ ಹೇಳಬೇಕು.

ಹೊಸ ಸೆಟ್ಟಿನಲ್ಲಿ ಮಾತು ತೊದಲುತ್ತದೆಯಲ್ಲ?

ಒಂದೆರಡು ವಾರದಲ್ಲಿ ನಾಲಿಗೆ ತನ್ನ ಜಾಗ ಕಂಡುಕೊಳ್ಳುತ್ತದೆ. ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ.

ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆಯ ಔಷಧ ಇದ್ದವರು?

ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ನಿಧಾನವಾಗಿ ಮಾಗುತ್ತದೆ, ಸೆಟ್ಟಿನ ಸಣ್ಣ ತರಚು ಕೂಡ ಸೋಂಕಾಗುತ್ತದೆ. ಅಂಥವರನ್ನು ನಾನು ಮೊದಲ ವಾರ ಎರಡು ಸಲ ನೋಡುತ್ತೇನೆ. ಮೆತ್ತನೆ ಊಟವೆಂದು ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿರಬೇಡಿ, ಸಕ್ಕರೆ ಇಳಿದುಹೋಗಬಹುದು.

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದವನ್ನು ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಹಲ್ಲಿನ ಗಾಯದ ರಕ್ತವನ್ನು ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ಬಿಟ್ಟು ಮೆದುಳಿಗೋ ಹೃದಯಕ್ಕೋ ಹೆಪ್ಪು ಸಿಕ್ಕಿದರೆ ನಿಲ್ಲಿಸುವುದು ಸುಲಭವಲ್ಲ. ವಾರ್ಫರಿನ್ ತೆಗೆದುಕೊಳ್ಳುವವರು ಕೀಳುವುದಕ್ಕೆ ಮೊದಲಿನ 24 ಗಂಟೆಯೊಳಗೆ, ಮಟ್ಟ ಸ್ಥಿರವಾಗಿರುವವರು 72 ಗಂಟೆಯೊಳಗೆ, ಐಎನ್‌ಆರ್ ಪರೀಕ್ಷೆ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ತೋರಿಸುವ ಪರೀಕ್ಷೆ) ಮಾಡಿಸಿ ಬರಬೇಕು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆಯನ್ನೋ, ಕ್ಯಾನ್ಸರಿಗೆ ಮೂಳೆಯ ಚುಚ್ಚುಮದ್ದನ್ನೋ ತೆಗೆದುಕೊಂಡವರು ಅದನ್ನು ತಪ್ಪದೆ ಹೇಳಿ. ಕೆಲವರಲ್ಲಿ ಕಿತ್ತ ಜಾಗದ ದವಡೆ ಮೂಳೆ ಮಾಗದೆ ತೆರೆದುಕೊಂಡೇ ಉಳಿಯುತ್ತದೆ. ಒತ್ತುವ ಸೆಟ್ಟೂ ಅದಕ್ಕೆ ಕಾರಣವಾಗಬಲ್ಲದು.

ಮಳೆಗಾಲದಲ್ಲಿ ಕೀಳಿಸಿಕೊಳ್ಳಬಹುದೇ?

ಮಳೆಗೂ ಗಾಯಕ್ಕೂ ಸಂಬಂಧವಿಲ್ಲ. ಸಂಬಂಧವಿರುವುದು ರಸ್ತೆಗೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಜುಲೈ ತಿಂಗಳೊಂದರಲ್ಲಿ ನಾನು ಭಾಗಮಂಡಲ ಕಡೆಯವರೊಬ್ಬರಿಗೆ ಮೂರು ಹಲ್ಲು ಕಿತ್ತು ಸೆಟ್ಟು ಕೂರಿಸಿ, ಮರುದಿನ ಬನ್ನಿ ಎಂದಿದ್ದೆ. ಆ ರಾತ್ರಿ ಸಂಗಮದ ನೀರು ರಸ್ತೆಗೆ ಬಂತು, ಕರೆಂಟು ಹೋಯಿತು, ಫೋನು ಸತ್ತಿತು. ಅವರು ಬಂದದ್ದು ಆರನೆಯ ದಿನ, ವಸಡಿನಲ್ಲಿ ಸೆಟ್ಟಿನ ಅಂಚು ಹೂತ ಹುಣ್ಣಿನೊಂದಿಗೆ. ಈಗ ಮಳೆಗಾಲದಲ್ಲಿ ದೂರದ ಊರಿನವರಿಗೆ, ತುರ್ತಿಲ್ಲದಿದ್ದರೆ, ಕೆಲಸವನ್ನು ಮುಂದೂಡುತ್ತೇನೆ. ತುರ್ತಿದ್ದರೆ ಆ ರಾತ್ರಿ ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ನೆಂಟರ ಮನೆಯಲ್ಲಿ ಉಳಿಯಲು ಹೇಳುತ್ತೇನೆ. ಕಾಫಿ ಕುಯ್ಲಿನ ತಿಂಗಳುಗಳಲ್ಲೂ ಇದೇ ಯೋಚನೆ ಬೇಕು: ಕುಯ್ಲು ಬಿಟ್ಟು ಬರಲಾಗದೆ ತಪಾಸಣೆ ತಪ್ಪಿಸುವವರೇ ಹೆಚ್ಚು.

ಖರ್ಚಿಗೆ ಏನಾದರೂ ಅನುಕೂಲವಿದೆಯೇ?

ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ಟು ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆಯನ್ನು ತಂದಿದೆ. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ. ಕಾಲೇಜುಗಳಲ್ಲಿ ಮೇಲ್ವಿಚಾರಕರ ಕಣ್ಣೆದುರು ವಿದ್ಯಾರ್ಥಿಗಳು ಕೆಲಸ ಮಾಡುವುದರಿಂದ ಹೊತ್ತು ಹೆಚ್ಚು ಹಿಡಿದರೂ ಖರ್ಚು ಸಾಮಾನ್ಯವಾಗಿ ಕಡಿಮೆ.

ಯಾವಾಗ ತಡಮಾಡದೆ ಹೊರಡಬೇಕು?

ಒತ್ತಿ ಹಿಡಿದರೂ ನಿಲ್ಲದ ರಕ್ತ, ಊತ ಕುತ್ತಿಗೆಗೆ ಇಳಿಯುವುದು, ನುಂಗಲು ಕಷ್ಟ, ಜ್ವರದ ನಡುಕ ಇವುಗಳಲ್ಲಿ ಯಾವುದಿದ್ದರೂ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ 108ಕ್ಕೆ ಕರೆ ಮಾಡಿ.

ಎರಡು ತಿಂಗಳಾಯಿತು, ಸೆಟ್ಟು ಅಲುಗಾಡುತ್ತಿದೆ. ಹಾಳಾಯಿತೇ?

ಹಾಳಾಗಿಲ್ಲ, ನಿಮ್ಮ ವಸಡು ಕುಗ್ಗಿದೆ. ಮೇಲಿನ ಚರ್ಮ ಎರಡು ಮೂರು ವಾರದಲ್ಲಿ ಕೂಡಿಕೊಂಡರೂ ಒಳಗಿನ ಮೂಳೆ ತುಂಬಿ ಗಟ್ಟಿಯಾಗಲು ಮೂರರಿಂದ ಆರು ತಿಂಗಳು ಬೇಕು; ಕುಗ್ಗುವಿಕೆ ಮೊದಲ ಮೂರು ತಿಂಗಳಲ್ಲಿ ಅತಿ ಹೆಚ್ಚು. ಈ ನಡುವೆ ಸೆಟ್ಟಿನ ಒಳಮೈಗೆ ಮೆದು ಪದರ ಹಾಕಿಸಿಕೊಳ್ಳಬಹುದು, ಅದನ್ನು ಕೆಲವು ವಾರಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಅಂಟನ್ನು ಮಾಗದ ಗಾಯದ ಮೇಲೆ ಬಳಸಬೇಡಿ, ಸಡಿಲವನ್ನು ಮುಚ್ಚಿಡಲು ದಪ್ಪಗೆ ಮೆತ್ತಬೇಡಿ. ಬಾಗುವ ಬಗೆಯ ನೈಲಾನ್ ಸೆಟ್ಟಿಗೆ ಹೀಗೆ ಪದರ ಕೊಡುವುದು ಕಷ್ಟ. ಆದ್ದರಿಂದ ಹೊಸ ಗಾಯದ ಮೇಲಿನ ತಾತ್ಕಾಲಿಕ ಸೆಟ್ಟಿಗೆ ಸಾದಾ ಅಕ್ರಿಲಿಕ್ಕೇ ವಾಸಿ ಎಂಬುದು ನನ್ನ ಅಭಿಪ್ರಾಯ. ಅಕ್ರಿಲಿಕ್ಕಿಗೆ ಇನ್ನೊಂದು ಅನುಕೂಲವಿದೆ: ಮುಂದೆ ಪಕ್ಕದ ಹಲ್ಲು ಹೋದರೆ, ಸೆಟ್ಟು ಬಾಯಲ್ಲಿರುವಂತೆಯೇ ಅಳತೆ ತೆಗೆದು ಅದಕ್ಕೇ ಮತ್ತೊಂದು ಹಲ್ಲು ಸೇರಿಸಬಹುದು.

ಆರು ತಿಂಗಳ ಸುಮಾರಿಗೆ ವಸಡು ಬಹುಮಟ್ಟಿಗೆ ನೆಲೆ ನಿಲ್ಲುತ್ತದೆ. ಆಗ ಗಟ್ಟಿ ಪದರ ಹಾಕಿಸಿ ಇದೇ ಸೆಟ್ಟನ್ನು ಮುಂದುವರಿಸಬೇಕೇ, ಲೋಹದ ತಟ್ಟೆಯ ಖಾಯಂ ಸೆಟ್ಟು ಕಟ್ಟಿಸಬೇಕೇ, ಪಕ್ಕದ ಹಲ್ಲುಗಳ ಆಧಾರದ ಮೇಲೆ ಅಂಟಿಸುವ ಬ್ರಿಡ್ಜ್ ಅಥವಾ ಮೂಳೆಯೊಳಗೆ ನೆಡುವ ಇಂಪ್ಲಾಂಟ್ ಆಗಬಹುದೇ ಎಂಬ ಮಾತನ್ನು ವೈದ್ಯರೊಂದಿಗೆ ಕೂತು ಆಡಿ. ಆ ದಿನ ಹಳೆಯ ಸೆಟ್ಟನ್ನು ಬಾಯಲ್ಲಿ ಹಾಕಿಕೊಂಡೇ ಬನ್ನಿ, ಮುರಿದಿದ್ದರೂ ತುಂಡುಗಳನ್ನು ತನ್ನಿ.